ದೃಷ್ಟಾಂತವಾದ ಮಗಳು

ಇಪ್ಪತ್ತೊಂದು ವರ್ಷ ನನ್ನ ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ನೋಟುಬುಕ್ಕು ಇರುತ್ತಿತ್ತು. 1988ರಲ್ಲಿ ಸಭಾಪಾಲಕನಾಗಿ ಮೊದಲ ಊರಿಗೆ ಹೊರಟಾಗ ಹಿರಿಯ ಅಯ್ಯನವರೊಬ್ಬರು ಅದನ್ನು ಕೈಗಿಟ್ಟು ಹೇಳಿದ್ದರು: "ಕರ್ತನು ಜನರಿಗೆ ಬುದ್ಧಿ ಹೇಳುವಾಗ ಏನನ್ನು ಎತ್ತಿಕೊಂಡ ನೋಡು. ಹಿಟ್ಟಿಗೆ ಬೆರೆಸಿದ ಹುಳಿ, ದೀಪ, ಕಳೆದುಹೋದ ನಾಣ್ಯ, ಮನೆ ಗುಡಿಸುವ ಹೆಂಗಸು. ನೀನೂ ಮನೆಯಲ್ಲಿ ಕಣ್ಣು ತೆರೆದಿಟ್ಟುಕೋ. ಕಂಡದ್ದನ್ನು ಬರೆದಿಡು."

ಬರೆದಿಟ್ಟೆ. ಹೆಂಡತಿಯ ಬೆಂಡೋಲೆಯ ತಿರುಪು ಬಿದ್ದುಹೋಗಿ, ಅವಳು ರಾತ್ರಿ ಮಂಚ ಸರಿಸಿ ಚಿಮಣಿ ಹಿಡಿದು ಹುಡುಕಿದ್ದನ್ನು ಬರೆದೆ. ಬಾವಿಯ ಹಗ್ಗ ಕಲ್ಲಿನ ಮೇಲೆ ಗೆರೆ ಕೊರೆದದ್ದನ್ನು ಬರೆದೆ. ಕರೆಂಟು ಹೋದಾಗ ಪುಟ್ಟ ಮಗ ನನ್ನ ಅಂಗಿಯ ಅಂಚು ಹಿಡಿದುಕೊಂಡು ಒಂದು ಮಾತೂ ಆಡದೆ ಹಿಂದೆ ಬಂದದ್ದನ್ನು ಬರೆದೆ. ಭಾನುವಾರ ಅವು ಒಂದೊಂದಾಗಿ ಪ್ರಸಂಗಪೀಠಕ್ಕೆ ಬರುತ್ತಿದ್ದವು. ಜನ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಆರಾಧನೆ ಮುಗಿದು ಬಾಗಿಲಲ್ಲಿ ನಿಂತು ಕೈ ಕುಲುಕುವಾಗ, "ಅಯ್ನೋರ, ನಿಮ್ಮ ಮನೀ ಮಾತು ಹೇಳಿದ್ರ ಮನಸ್ಸಿಗೆ ನಾಟತೈತಿ ನೋಡ್ರಿ" ಎನ್ನುತ್ತಿದ್ದರು. ಆ ಮಾತು ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು.

ನಾನು ಮೂಲ್ಕಿ ಕಡೆಯವನು. ಮನೆಮಾತು ತುಳು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯಲ್ಲಿ ನನ್ನ ಅಜ್ಜ ಮಣ್ಣು ಕಲಸುವ ಕೆಲಸಕ್ಕಿದ್ದರು. ಸೇವೆಗೆಂದು ನನಗೆ ಸಿಕ್ಕಿದ್ದು ಗದಗ ಜಿಲ್ಲೆಯ ಎರೆಭೂಮಿಯ ಒಂದು ಊರು. ನಲವತ್ತು ಮನೆಗಳ ಸಭೆ, ಸುತ್ತ ಹಳ್ಳಿಗಳಲ್ಲಿ ಮತ್ತೆ ನಾಲ್ಕೈದು ಪ್ರಾರ್ಥನಾ ಕೂಟ. ಅಲ್ಲಿನ ಹಳೆಯ ದೇವಾಲಯಕ್ಕೂ ಮಂಗಳೂರು ಹಂಚೇ ಹೊದಿಸಿತ್ತು. ಒಡೆದ ಹಂಚು ಬದಲಿಸಲು ಮಾಡು ಹತ್ತಿದಾಗ, ನನಗಿಂತ ಮೊದಲೇ ಅಜ್ಜನ ಕೈ ಇಲ್ಲಿಗೆ ಬಂದಿತ್ತು ಎಂದು ಅನ್ನಿಸಿ ಎದೆ ತುಂಬಿತ್ತು. ಅದನ್ನೂ ನೋಟುಬುಕ್ಕಿನಲ್ಲಿ ಬರೆದೆ.

ಮಕ್ಕಳಿಬ್ಬರು ಅಲ್ಲೇ ಬೆಳೆದರು. ಮನೆಯೊಳಗೆ ತುಳು, ಹೊಸ್ತಿಲು ದಾಟಿದರೆ ಗದಗಿನ ಕನ್ನಡ. ಮಗಳು ದೊಡ್ಡವಳಾಗುತ್ತ ನನ್ನ ಹತ್ತಿರವೂ ಗದಗಿನ ಕನ್ನಡವನ್ನೇ ಆಡತೊಡಗಿದಳು. ಅದು ಅವಳ ಊರು, ಅವಳ ಮಾತು. ನಾವು ಬಂದು ನೆಲೆಸಿದವರು, ಅವಳು ಅಲ್ಲಿಯವಳು.

ನಮ್ಮ ಮನೆಯಲ್ಲಿ ಒಂದು ಖಾಲಿ ಬೋರ್ನ್‌ವಿಟಾ ಡಬ್ಬಿ ಇತ್ತು. ಮುಚ್ಚಳಕ್ಕೆ ಸೀಳು ಕೊರೆದು ಸತ್ಯವೇದದ ಪಕ್ಕ ಇಟ್ಟಿದ್ದೆವು. ರಾತ್ರಿ ಕುಟುಂಬ ಪ್ರಾರ್ಥನೆ ಆದಮೇಲೆ ಪ್ರತಿಯೊಬ್ಬರೂ ಒಂದು ನಾಣ್ಯ ಹಾಕಬೇಕು. ತಿಂಗಳ ಕೊನೆಗೆ ಅದು ಹೊರರಾಜ್ಯದಲ್ಲಿ ಸೇವೆ ಮಾಡುವ ಒಂದು ಕುಟುಂಬಕ್ಕೆ ಹೋಗುತ್ತಿತ್ತು. ಮಕ್ಕಳಿಗೆ ಆ ಡಬ್ಬಿಯ ಮೇಲೆ ಗೌರವ ಬರಲೆಂದು ಬಾಸೆಲ್ ಊರಿನ ಕಥೆ ಹೇಳುತ್ತಿದ್ದೆ. 1855ರಲ್ಲಿ ಅಲ್ಲಿ 'ಅರ್ಧ ಬಾಟ್ಸನ್' ವಂತಿಗೆ ಎಂದು ಶುರುವಾಯಿತು. ಬಾಟ್ಸನ್ ಎಂದರೆ ಅವರ ಚಿಲ್ಲರೆ ಕಾಸು. ಮಿಶನ್ನಿಗೆಂದು ವಾರಕ್ಕೆ ಅರ್ಧ ಬಾಟ್ಸನ್ ಕೊಟ್ಟರೆ ಸಾಕು, ಬಡವರೂ ಕೊಡಬಹುದು. ಅಂಥ ಕಾಸು ಸೇರಿ ಸೇರಿ ಸಮುದ್ರದಾಚೆ ಶಾಲೆಗಳಾದವು, ಆಸ್ಪತ್ರೆಗಳಾದವು, ಪುಸ್ತಕಗಳಾದವು. "ಯಾರೋ ಕಾಣದ ಅಜ್ಜಿ ಹಾಕಿದ ಕಾಸಿನಿಂದ ನಿನ್ನ ಮುತ್ತಜ್ಜ ಓದು ಕಲಿತ" ಎಂದರೆ ಮಗಳ ಕಣ್ಣು ಅಗಲವಾಗುತ್ತಿತ್ತು. ತಿಂಗಳ ಕೊನೆಗೆ ಡಬ್ಬಿ ತೆರೆದು, ನಾಣ್ಯಗಳನ್ನು ಸಾಲಾಗಿ ಜೋಡಿಸಿ ಎಣಿಸುವ ಕೆಲಸ ಅವಳದೇ. ಅದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

2001ರ ಜೂನ್‌ನಲ್ಲಿ ಅವಳಿಗೆ ಹನ್ನೆರಡು ತುಂಬಿತು. ಹುಟ್ಟುಹಬ್ಬದ ದಿನ ಸ್ತೋತ್ರಕಾಣಿಕೆ ಎಂದು ನಾನು ಐವತ್ತು ರೂಪಾಯಿಯ ಒಂದು ನೋಟನ್ನು ಮಡಚಿ ಡಬ್ಬಿಗೆ ಹಾಕಿದೆ. ತಿಂಗಳ ಕೊನೆಗೆ ಅವಳು ಎಣಿಸಿ ಹೇಳಿದ ಲೆಕ್ಕದಲ್ಲಿ ಆ ನೋಟು ಇರಲಿಲ್ಲ.

ಆ ರಾತ್ರಿ ಪ್ರಾರ್ಥನೆಗೆ ಕೂತಾಗ ಕೇಳಿದೆ. ಗದರಲಿಲ್ಲ, ಕೈ ಎತ್ತಲಿಲ್ಲ. ಅವಳು ಸ್ವಲ್ಪ ಹೊತ್ತು ಚಾಪೆಯ ಎಳೆ ಕೀಳುತ್ತ ಕೂತಳು. ಆಮೇಲೆ ಒಮ್ಮೆಲೇ ಅತ್ತುಬಿಟ್ಟಳು. "ನಾನೇ ತಗೊಂಡೆ ಪಪ್ಪಾ." ಅವಳನ್ನು ಹತ್ತಿರ ಎಳೆದುಕೊಂಡೆ. ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದೆ. "ದೇವರು ಕ್ಷಮಿಸಿದ ಮೇಲೆ ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನಾವೂ ಇಟ್ಟುಕೊಳ್ಳುವುದಿಲ್ಲ. ಇದು ಇಲ್ಲಿಗೆ ಮುಗಿಯಿತು, ಈ ಮನೆ ದಾಟಿ ಹೋಗುವುದಿಲ್ಲ" ಎಂದೆ. ಈ ಕೊನೆಯ ಮಾತನ್ನು ನಾನು ಆಡಿದ್ದೆ. ಅದು ನನಗೆ ಚೆನ್ನಾಗಿ ನೆನಪಿದೆ.

ಮಕ್ಕಳು ಮಲಗಿದ ಮೇಲೆ ಹೆಂಡತಿ ಕೇಳಿದಳು: "ಅವಳು ಯಾಕೆ ತೆಗೆದದ್ದು ಅಂತ ಕೇಳಿದ್ದೀರಾ?"

ಕೇಳಿರಲಿಲ್ಲ. "ಒಪ್ಪಿಕೊಂಡಳಲ್ಲ, ಅದು ಮುಖ್ಯ" ಎಂದೆ. ಹೆಂಡತಿ ಏನೂ ಹೇಳದೆ ದೀಪ ಆರಿಸಿದಳು. ಕತ್ತಲೆಯಲ್ಲಿ ನಾನು ಎದ್ದು ಮುಂದಿನ ಕೋಣೆಗೆ ಹೋಗಿ ನೋಟುಬುಕ್ಕು ತೆಗೆದೆ. 'ಡಬ್ಬಿ. ಅಳು. ತಬ್ಬಿಕೊಂಡದ್ದು. ನೆನಪಿನಲ್ಲಿ ಇಟ್ಟುಕೊಳ್ಳದ ದೇವರು.' ನಾಲ್ಕು ಸಾಲು. ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಮಗುವಿಗೆ ಮಾತು ಕೊಟ್ಟು ಒಂದು ಗಂಟೆಯೂ ಆಗಿರಲಿಲ್ಲ. ಅಷ್ಟರಲ್ಲಿ ಅದನ್ನು ಬರೆದಿಟ್ಟಾಗಿತ್ತು. ಯಾಕೆ ತೆಗೆದಳು ಎಂಬುದು ನನ್ನ ಪ್ರಸಂಗಕ್ಕೆ ಬೇಕಿರಲಿಲ್ಲ. ಹಾಗಾಗಿ ತಂದೆಯಾಗಿ ಅದು ಬೇಕಿತ್ತೆಂಬುದೂ ನನಗೆ ಹೊಳೆಯಲಿಲ್ಲ.

ಎರಡು ಭಾನುವಾರ ಕಳೆದು ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಭಾಗ ಬಂತು. ಅವಳ ಹೆಸರು ಹೇಳಲಿಲ್ಲ. "ನಮ್ಮ ಮನೆಯಲ್ಲೇ, ನನ್ನ ಮಗುವೇ" ಎಂದೆ. ಮಗನಿಗೆ ಆಗ ಆರು ವರ್ಷ. ಯಾವ ಮಗು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಡಬ್ಬಿಯ ಕಥೆ ಹೇಳಿದೆ, ಅಳು ಹೇಳಿದೆ, ನನ್ನ ಕೈ ಅವಳ ತಲೆಯ ಮೇಲೆ ಹೋದದ್ದನ್ನು ಹೇಳಿದೆ. ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಯಿತು. ಮೂರನೆಯ ಬೆಂಚಿನಲ್ಲಿ ಸಂಡೆ ಸ್ಕೂಲಿನ ಗೆಳತಿಯರ ನಡುವೆ ಕೂತಿದ್ದ ಮಗಳು ತಲೆ ತಗ್ಗಿಸಿದಳು. ನಾನು ಅದನ್ನು ನೋಡಿದೆ. ಪಶ್ಚಾತ್ತಾಪ ಎಂದುಕೊಂಡೆ.

ಹೊರಗೆ ಬಂದಾಗ ಹಿರಿಯಳೊಬ್ಬಳು ಅವಳ ಗಲ್ಲ ಹಿಡಿದು, "ಛಲೋ ಹುಡುಗಿ, ತಪ್ಪ ಒಪ್ಕೊಂಡ್ಯಲ್ಲ, ದೇವ್ರು ದೊಡ್ಡಾಂವ" ಎಂದಳು. ಆ ತಿಂಗಳ ಪ್ರಾರ್ಥನಾ ಪತ್ರದಲ್ಲೂ ಅದೇ ಕಥೆ ಬರೆದೆ. ಝೆರಾಕ್ಸ್ ಮಾಡಿಸಿ ಮಂಗಳೂರು, ಉಡುಪಿ, ಹುಬ್ಬಳ್ಳಿ ಎಂದು ನೂರನಲವತ್ತು ಮನೆಗಳಿಗೆ ಕಳಿಸುತ್ತಿದ್ದ ಪತ್ರ ಅದು. ಅದರಲ್ಲಿ ಒಂದು ಮನೆ ಅವಳ ಅಜ್ಜಿಯದು.

ಶಾಲೆಯಲ್ಲಿ ಹುಡುಗರು ಅವಳನ್ನು 'ಡಬ್ಬಿ' ಎಂದು ಕರೆಯತೊಡಗಿದರು. ಹತ್ತನೇ ಇಯತ್ತೆ ಮುಗಿಯುವವರೆಗೂ ಅದೇ ಹೆಸರು ಉಳಿಯಿತಂತೆ. ಇದು ನನಗೆ ಆಗ ತಿಳಿಯಲಿಲ್ಲ, ಅವಳು ಹೇಳಲಿಲ್ಲ. ನನಗೆ ಕಂಡದ್ದು ಎರಡೇ. ತಿಂಗಳ ಕೊನೆಗೆ ಡಬ್ಬಿ ಮುಂದಿಟ್ಟಾಗ ಅವಳು, "ನೀವೇ ಎಣಿಸ್ರಿ" ಎಂದು ಎದ್ದುಹೋದಳು. ರಾತ್ರಿ ಪ್ರಾರ್ಥನೆಯಲ್ಲಿ ತನ್ನ ಸರದಿ ಬಂದಾಗ, ತನ್ನ ಮಾತಿನಲ್ಲಿ ಪ್ರಾರ್ಥಿಸುವುದನ್ನು ಬಿಟ್ಟು ಕರ್ತನ ಪ್ರಾರ್ಥನೆಯನ್ನು ಬಾಯಿಪಾಠ ಹೇಳಿ ಮುಗಿಸಿದಳು. ಮೊದಲು ಹಾಗಿರಲಿಲ್ಲ. ಪಕ್ಕದ ಮನೆಯ ಕುಂಟು ನಾಯಿಗೂ, ಗಣಿತದ ಪರೀಕ್ಷೆಗೂ, ಮಳೆ ಬಾರದ ಹೊಲಗಳಿಗೂ ಅವಳೇ ಮಾತು ಕೂಡಿಸಿ ಪ್ರಾರ್ಥಿಸುತ್ತಿದ್ದಳು. ಆ ರಾತ್ರಿಯಿಂದ ನರ್ಸಿಂಗ್ ಓದಲು ಮನೆ ಬಿಡುವವರೆಗೆ, ನನ್ನ ಎದುರು ಕರ್ತನ ಪ್ರಾರ್ಥನೆಯ ಹೊರತು ಬೇರೆ ಮಾತಿನಲ್ಲಿ ಅವಳು ಪ್ರಾರ್ಥಿಸಲಿಲ್ಲ. ದೊಡ್ಡವಳಾದಳು, ಗಂಭೀರಳಾದಳು ಎಂದು ಸಮಾಧಾನ ಮಾಡಿಕೊಂಡೆ.

ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರಿನಲ್ಲಿ. ಅದಕ್ಕೆ 175 ವರ್ಷ ತುಂಬಿದಾಗ, 2009ರಲ್ಲಿ, ಒಂದು ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ನನ್ನನ್ನು ಕೇಳಿದರು. ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ', ಕಿಟ್ಟೆಲ್ ಅವರ ನಿಘಂಟು, ಮುದ್ರಣಾಲಯ, ಮಗ್ಗ, ಹಂಚು, ಇವನ್ನೆಲ್ಲ ಬೇರೆಯವರು ಬರೆಯುತ್ತಾರೆ. ನಾನು ಮಿಶನರಿಗಳ ಮನೆಯ ಬಗ್ಗೆ ಬರೆಯುತ್ತೇನೆ ಎಂದೆ.

ಓದುತ್ತ ಹೋದಂತೆ ಮನಸ್ಸು ಭಾರವಾಯಿತು. 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ನಾವೆಲ್ಲ ಕಣ್ಣಿಗೊತ್ತಿಕೊಳ್ಳುತ್ತೇವೆ. ಅವರ ಮೊದಲ ಹೆಂಡತಿ ಪೌಲೀನಾ ಮದುವೆಯಾಗಿ ಕೆಲವೇ ವರ್ಷಗಳಲ್ಲಿ, 1864ರಲ್ಲಿ ತೀರಿಕೊಂಡದ್ದನ್ನು ನೆನೆಯುವವರು ಕಡಿಮೆ. ಮಕ್ಕಳ ಕಥೆ ಇನ್ನೂ ಕಠಿಣ. ಇಲ್ಲಿನ ಹವೆ, ಜ್ವರ, ಶಾಲೆಯ ಚಿಂತೆ ಎಂದು ಮಿಶನರಿಗಳ ಮಕ್ಕಳನ್ನು ಆರೇಳು ವಯಸ್ಸಿಗೆ ಯುರೋಪಿಗೆ ಕಳಿಸಿಬಿಡುವುದು ರೂಢಿಯಾಗಿತ್ತು. 1850ರ ದಶಕದಲ್ಲಿ ಬಾಸೆಲ್ ನಗರದಲ್ಲಿ ಆ ಮಕ್ಕಳಿಗೆಂದೇ ಒಂದು ವಸತಿಗೃಹ ತೆರೆದರು. ಹಡಗು ಹತ್ತಿದ ಮಗು ಮತ್ತೆ ತಾಯಿಯ ಮುಖ ನೋಡುವಾಗ ಎಷ್ಟೋ ಸಲ ಮೈನೆರೆದಿರುತ್ತಿತ್ತು, ಮೀಸೆ ಮೂಡಿರುತ್ತಿತ್ತು. ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ತೀರ ಚಿಕ್ಕವಳಾಗಿದ್ದಾಗಲೇ ತಂದೆತಾಯಿ ಅವಳನ್ನು ಯುರೋಪಿನಲ್ಲಿ ಬಿಟ್ಟು ಇಲ್ಲಿಗೆ ಮರಳಿದರು. 1857ರಲ್ಲಿ ಅವಳು ಹಡಗು ಹತ್ತಿ ಅವರ ಬಳಿ ಬರುವಾಗ ಹದಿನೈದರ ಹುಡುಗಿ. ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದವಳು ಅವಳೇ.

ಆ ಕಾಲದ ಮಿಶನರಿಗಳು ಬಾಸೆಲ್‌ಗೆ ತಪ್ಪದೆ ವರದಿ ಬರೆಯಬೇಕಿತ್ತು. ಅಂಥ ವರದಿ, ಪತ್ರಗಳ ಭಾಗಗಳು 1828ರಿಂದ ಬರುತ್ತಿದ್ದ 'ಹೈಡನ್‌ಬೋಟೆ' ಎಂಬ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ವಂತಿಗೆ ಕೊಡುವವರು ಅವನ್ನು ಓದಿ ಪ್ರಾರ್ಥಿಸುತ್ತಿದ್ದರು. ನನ್ನ ಪ್ರಾರ್ಥನಾ ಪತ್ರ ಆ ವಂಶದ್ದೇ. ಈ ಯೋಚನೆ ಬಂದರೂ ಮುಂದೆ ಸಾಗಲಿಲ್ಲ. ಮರೀ ಬಗ್ಗೆ ನಾಲ್ಕು ಪುಟ ಬರೆದೆ. ತಂದೆಗೆ ಬಂದ ಕರೆಗೆ ಮಗು ಬೆಲೆ ತೆರುವುದು ನ್ಯಾಯವೇ ಎಂದು ಕೇಳಿದೆ. ಬರೆಯುವಾಗ ನನ್ನ ಕಣ್ಣು ಒದ್ದೆಯಾಗಿತ್ತು.

ಮಗಳು ಆಗ ರಜೆಯಲ್ಲಿ ಮನೆಗೆ ಬಂದಿದ್ದಳು. ಇಪ್ಪತ್ತು ವರ್ಷ. ಮೇಜಿನ ಮೇಲಿದ್ದ ಹಾಳೆಗಳನ್ನು ನಿಂತೇ ಓದಿದಳು.

"ಆ ಹುಡುಗೀ ಬಗ್ಗೆ ಭಾಳ ಛಲೋ ಬರದೀರಿ ಪಪ್ಪಾ" ಎಂದಳು. ಹಾಳೆಗಳನ್ನು ಸರಿಯಾಗಿ ಜೋಡಿಸಿ ಇಟ್ಟಳು. "ನನ್ನ ಬಗ್ಗೆ ಬರಿಯೂ ಮುಂದ ನನ್ನ ಕೇಳಿದ್ರೇನು?"

ಯಾವುದರ ಬಗ್ಗೆ ಎಂದು ನಾನು ಕೇಳಬೇಕಾಗಲಿಲ್ಲ. ಎಂಟು ವರ್ಷ ಅದು ನಮ್ಮ ನಡುವೆ ಕೂತಿತ್ತು. ಆದರೂ ನಾನು ಮೊದಲು ಮಾಡಿದ್ದು ವಾದ. ದೇವರ ಮಹಿಮೆಗಾಗಿ ಹೇಳಿದ್ದು, ನೀನು ಕೆಟ್ಟವಳು ಎಂದೆನೇ, ಒಪ್ಪಿಕೊಂಡೆ ಎಂದೇ ಹೇಳಿದೆನಲ್ಲ, ಕ್ಷಮೆ ಎಂದರೇನು ಎಂದು ಜನರಿಗೆ ತಿಳಿಯಲಿ ಎಂದು ತಾನೇ?

ಅವಳು ದನಿ ಎತ್ತರಿಸಲಿಲ್ಲ. "ನೀವು ಕ್ಷಮಿಸಿದ್ದು ಹೇಳಿದ್ರಿ ಪಪ್ಪಾ. ಜನ ಕೇಳಿದ್ದು ನಾ ಕದ್ದದ್ದು."

ಆ ರಾತ್ರಿ ನೋಟುಬುಕ್ಕುಗಳನ್ನೆಲ್ಲ ಕೆಳಗಿಳಿಸಿದೆ. ಹನ್ನೊಂದು ಇದ್ದವು. ಬೆಳಗಿನ ಜಾವದವರೆಗೆ ಓದಿದೆ. ಹೆಂಡತಿಯ ಕೋಪ ಅಲ್ಲಿತ್ತು, ಅವಳ ತಾಯಿ ತೀರಿಕೊಂಡಾಗ ಅವಳು ದೇವರೊಂದಿಗೆ ಜಗಳವಾಡಿದ್ದು ಇತ್ತು. ಮಗ ಹಾಸಿಗೆ ಒದ್ದೆ ಮಾಡಿಕೊಂಡದ್ದು ಇತ್ತು. ಮಗಳ ಐವತ್ತು ರೂಪಾಯಿ ಇತ್ತು. ಒಂದೊಂದರ ಕೆಳಗೂ ಯಾವ ವಾಕ್ಯಕ್ಕೆ ಹೊಂದುತ್ತದೆ ಎಂದು ಗುರುತು. ಓದುತ್ತ ಓದುತ್ತ ಕೈ ತಣ್ಣಗಾಯಿತು. ಎಲ್ಲ ಕಥೆಯಲ್ಲೂ ಬೀಳುವವರು ಅವರು, ಎತ್ತುವವನು ನಾನು. ತಪ್ಪಿಹೋದ ಮಗನ ಸಾಮ್ಯದಲ್ಲಿ ಓಡಿಬಂದು ತಬ್ಬಿಕೊಳ್ಳುವ ತಂದೆ ದೇವರು. ಆ ಜಾಗದಲ್ಲಿ ನಾನು ಹೋಗಿ ಕೂತಿದ್ದೆ, ಅದೂ ಪ್ರಸಂಗಪೀಠದಿಂದ, ಬಿಳಿ ನಿಲುವಂಗಿ ತೊಟ್ಟುಕೊಂಡು.

ನನ್ನ ಕಳವು ಯಾವ ಪುಟದಲ್ಲೂ ಇರಲಿಲ್ಲ. ಕಳವು ಇತ್ತು. 2001ರ ಆ ದಿನಗಳಲ್ಲೇ ನಾನು ತಿಂಗಳ ವರದಿಯಲ್ಲಿ ಹಳ್ಳಿಯ ಕೂಟಗಳಿಗೆ ಬಂದವರ ಸಂಖ್ಯೆಯನ್ನು ಹೆಚ್ಚು ಮಾಡಿ ಬರೆಯುತ್ತಿದ್ದೆ. ಮೂವತ್ತೆಂಟು ಜನ ಕೂತಿದ್ದ ಕೂಟ ಕಾಗದದ ಮೇಲೆ ಅರವತ್ತಾಗುತ್ತಿತ್ತು. ಬರಲಿರುವವರನ್ನೂ ನಂಬಿಕೆಯಿಂದ ಎಣಿಸಿದೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಮಗಳು ದೇವರ ಡಬ್ಬಿಯಿಂದ ಒಂದು ನೋಟು ತೆಗೆದಳು, ಕೇಳಿದ ದಿನವೇ ಒಪ್ಪಿಕೊಂಡಳು. ನಾನು ದೇವರ ಹೆಸರಿನಲ್ಲಿ ತಿಂಗಳು ತಿಂಗಳು ಸುಳ್ಳು ಲೆಕ್ಕ ಬರೆದೆ, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನು ಇವತ್ತು ಮೊದಲ ಬಾರಿಗೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಮಗಳು ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಹೋಗಿ ಕ್ಷಮೆ ಕೇಳಿದೆ. "ಬರುವ ಭಾನುವಾರ ಸಭೆಯ ಮುಂದೆಯೂ ಕೇಳುತ್ತೇನೆ. ಅವತ್ತು ಹೇಳಿದ ಜಾಗದಲ್ಲೇ ನಿಂತು, ತಪ್ಪು ಮಾಡಿದವನು ನಾನು ಎಂದು ಹೇಳುತ್ತೇನೆ" ಎಂದೆ. ಆ ಪ್ರಸಂಗದ ಮೊದಲ ಸಾಲು ಆಗಲೇ ನನ್ನ ತಲೆಯಲ್ಲಿತ್ತು.

ಅವಳು ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. "ಬ್ಯಾಡ ಪಪ್ಪಾ. ಅದೂ ಪ್ರಸಂಗ ಆಗತೈತಿ."

ನನ್ನ ಬದುಕಿನಲ್ಲಿ ಇಷ್ಟು ಸರಿಯಾದ ಗದರಿಕೆಯನ್ನು ನಾನು ಯಾವ ಹಿರಿಯರಿಂದಲೂ ಕೇಳಿರಲಿಲ್ಲ. ಪಶ್ಚಾತ್ತಾಪವನ್ನೂ ಪೀಠಕ್ಕೆ ಹೊತ್ತುಕೊಂಡು ಹೋಗಲು ಹೊರಟಿದ್ದೆ. ಅಲ್ಲೂ ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಬಾಗಿಲಲ್ಲಿ ಕೈ ಕುಲುಕುತ್ತಿದ್ದರು, ಅವಳು ಮತ್ತೊಮ್ಮೆ ಮೂರನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರಬೇಕಾಗುತ್ತಿತ್ತು. ಕ್ಷಮೆ ಕೇಳಿದ್ದು ಅವಳಲ್ಲಿ. ಅದು ಅಲ್ಲೇ, ಆ ಬಟ್ಟೆಯ ಹಗ್ಗದ ಕೆಳಗೇ ಮುಗಿಯಬೇಕಿತ್ತು. ಸುಮ್ಮನಿರು ಎಂದಳು ಮಗಳು. ಸುಮ್ಮನಿರುವುದು ನನಗೆ ಕೊಟ್ಟ ಪ್ರಾಯಶ್ಚಿತ್ತ ಎಂದುಕೊಂಡು ಒಪ್ಪಿದೆ. ಆವತ್ತಿನಿಂದ ಜೇಬಿನ ನೋಟುಬುಕ್ಕು ನಿಂತಿತು. ಹನ್ನೊಂದನ್ನೂ ಹೆಂಡತಿಯ ಕೈಗೆ ಕೊಟ್ಟೆ. ಅವಳು ಒಂದೂ ಮಾತಾಡದೆ ನೀರಿನ ಒಲೆಗೆ ಹಾಕಿದಳು.

ಕೆಲವು ವಾರಗಳ ಮೇಲೆ ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದ ಮೇಲೆ ಪ್ರಸಂಗ ಮಾಡಬೇಕಾಗಿ ಬಂತು. ಯಾಯೀರನ ಮಗಳ ಕಥೆ. ಎಷ್ಟು ಸಲ ಓದಿದ್ದೆನೋ. ಅವಳಿಗೂ ಹನ್ನೆರಡು ವರ್ಷ. ತಂದೆ ಸಭಾಮಂದಿರದ ಅಧಿಕಾರಿ, ಜನರೆದುರು ನಿಲ್ಲುವವನು, ಒಂದು ಬಗೆಯಲ್ಲಿ ನನ್ನಂಥವನೇ. ಮನೆ ತುಂಬ ಗುಂಪು ಸೇರಿ ಗೋಳಾಡುತ್ತಿದೆ. ಯೇಸು ಮೊದಲು ಮಾಡಿದ್ದು ಆ ಗುಂಪನ್ನು ಹೊರಗೆ ಕಳಿಸಿದ್ದು. ಒಳಗೆ ಉಳಿದವರು ತಂದೆ, ತಾಯಿ, ಮೂವರು ಶಿಷ್ಯರು. ಹುಡುಗಿಯ ಕೈ ಹಿಡಿದ, ಎಬ್ಬಿಸಿದ. ಆಮೇಲೆ ಎರಡು ಅಪ್ಪಣೆ ಕೊಟ್ಟ. ಇದನ್ನು ಯಾರಿಗೂ ತಿಳಿಸಬೇಡಿ ಎಂದು ಖಂಡಿತವಾಗಿ ಹೇಳಿದ. ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದ.

ಈ ಎರಡು ಅಪ್ಪಣೆಯನ್ನು ನಾನು ಅಲ್ಲಿಯವರೆಗೆ ಕಥೆಯ ಬಾಲದಂತೆ ಓದಿ ದಾಟಿಬಿಡುತ್ತಿದ್ದೆ. ಊರಿಗೆ ಊರೇ ನಂಬಬಹುದಾಗಿದ್ದ ಸಾಕ್ಷಿ ಅದು. ಆದರೂ ಕರ್ತನು ಬಾಗಿಲು ಮುಚ್ಚಿಸಿದ. ಸತ್ತು ಎದ್ದ ಹುಡುಗಿ ಎಂದು ಬೀದಿಯಲ್ಲಿ ಬೆರಳು ತೋರಿಸಿಕೊಂಡು ಅವಳು ಬೆಳೆಯಬಾರದು ಎಂಬ ಕರುಣೆಯೂ ಅದರಲ್ಲಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಅವಳ ಹಸಿವು ಅವನ ನೆನಪಿನಲ್ಲಿತ್ತು. ಮಗುವಿನ ಹಸಿವನ್ನು ವಿಚಾರಿಸುವುದು ತಂದೆಯ ಪಾಲಿನ ಸೇವೆ. ನಾನು ಮಗಳ ಹಸಿವನ್ನು ವಿಚಾರಿಸಲಿಲ್ಲ. ಯಾಕೆ ತೆಗೆದೆ ಎಂಬ ಒಂದು ಪ್ರಶ್ನೆ ಅದಾಗಿತ್ತು.

ಹಾಗಾದರೆ ಆ ಹಿರಿಯ ಅಯ್ಯನವರು ಕೊಟ್ಟ ಬುದ್ಧಿ ತಪ್ಪೇ? ಅಲ್ಲ. ದೇವರು ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಮಕ್ಕಳ ಜ್ವರದಲ್ಲಿ ಮಾತಾಡುತ್ತಾನೆ ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಕರ್ತನ ಸಾಮ್ಯಗಳನ್ನು ಮತ್ತೆ ಓದಿದಾಗ ಒಂದು ಕಂಡಿತು. ಹುಳಿ ಬೆರೆಸಿದ ಹೆಂಗಸು ಯಾರೋ ಒಬ್ಬಳು, ಇಬ್ಬರು ಮಕ್ಕಳಿದ್ದ ತಂದೆ ಯಾರೋ ಒಬ್ಬ. ತನ್ನ ತಾಯಿಯ ಅಡುಗೆಮನೆಯನ್ನು, ತನ್ನ ತಮ್ಮಂದಿರ ತಪ್ಪನ್ನು ಅವನು ಜನರ ಮುಂದೆ ಹರಡಲಿಲ್ಲ. ನಜರೇತಿನ ಮನೆಯಲ್ಲಿ ಅವನು ಕಳೆದ ಅಷ್ಟೊಂದು ವರ್ಷಗಳ ಬಗ್ಗೆ ನಮಗೆ ತಿಳಿದಿರುವುದು ಬೆರಳೆಣಿಕೆಯಷ್ಟು. ಅವನು ಹನ್ನೆರಡರ ಹುಡುಗನಾಗಿ ದೇವಾಲಯದಲ್ಲಿ ಉಳಿದುಬಿಟ್ಟು ತಂದೆತಾಯಿಯನ್ನು ಕಂಗೆಡಿಸಿದಾಗ, ಮರಿಯಳು ಆ ಸಂಗತಿಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಳು ಎಂದು ಲೂಕನು ಬರೆಯುತ್ತಾನೆ. ಇಟ್ಟುಕೊಳ್ಳುವುದೂ ಒಂದು ಭಕ್ತಿ. ಅದನ್ನು ನಾನು ಕಲಿತಿರಲಿಲ್ಲ.

ಈಗ ನಾನು ನಿವೃತ್ತ. ಹೊಸದಾಗಿ ಸೇವೆಗೆ ಬರುವವರು ಕೆಲವೊಮ್ಮೆ ಮನೆಗೆ ಬರುತ್ತಾರೆ. ಝೆರಾಕ್ಸ್ ಪತ್ರದ ಕಾಲ ಹೋಯಿತು. ಮಗುವಿನ ಜ್ವರ, ಹೆಂಡತಿಯ ಕಣ್ಣೀರು, ಮಗನ ಪರೀಕ್ಷೆಯ ಸೋಲು, ಎಲ್ಲವೂ ಫೋಟೋ ಸಮೇತ ವಾಟ್ಸಾಪ್ ಗುಂಪುಗಳಿಗೆ ಹೋಗುತ್ತವೆ, ಕೆಳಗೊಂದು ವಾಕ್ಯ ಜೋಡಿಸಿಕೊಂಡು. ನನ್ನ ಪತ್ರ ನೂರನಲವತ್ತು ಮನೆ ಮುಟ್ಟಿತ್ತು, ಇವು ಎಲ್ಲಿಯವರೆಗೆ ಹೋಗುತ್ತವೋ. ಅವರಿಗೆ ಹೇಳುವುದು ಇಷ್ಟೇ. ಮನೆಯವರ ಮಾತು ಹೇಳುವ ಮುಂಚೆ ಅವರನ್ನು ಕೇಳಿ. ಚಿಕ್ಕ ಮಗು ಹೂಂ ಎಂದರೂ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ, ಅದು ಅಪ್ಪನಿಗೆ ಬೇಡ ಎನ್ನಲಾರದು. ದೊಡ್ಡದಾಗುವವರೆಗೆ ಕಾಯಿರಿ. ತಪ್ಪಿನ ಕಥೆ ಬೇಕಾದರೆ ನಿಮ್ಮದು ಇದ್ದೇ ಇದೆ. ಮನೆಯಲ್ಲಿ ಸಿಕ್ಕ ಪಾಠವನ್ನು ಮೊದಲು ಮನೆಯಲ್ಲೇ ನಡೆಸಿ ನೋಡಿ. ಹಾಗೆ ನಡೆಸಿದ ಮೇಲೆ ಎಷ್ಟೋ ಪಾಠಗಳನ್ನು ಹೊರಗೆ ಹೇಳಬೇಕೆಂದೇ ಅನ್ನಿಸುವುದಿಲ್ಲ.

ಮಗಳಿಗೆ ಈಗ ಸಂಸಾರವಿದೆ, ಆಸ್ಪತ್ರೆಯ ಕೆಲಸವಿದೆ. ಕಳೆದ ವರ್ಷ ನಾವಿಬ್ಬರೂ ಅವಳ ಮನೆಗೆ ಹೋಗಿ ಒಂದು ವಾರ ಇದ್ದೆವು. ರಾತ್ರಿ ಪ್ರಾರ್ಥನೆಗೆ ಎಲ್ಲರೂ ಚಾಪೆಯ ಮೇಲೆ ಕೂತಾಗ ಅವಳ ಸರದಿ ಬಂತು. ಕರ್ತನ ಪ್ರಾರ್ಥನೆ ಶುರುವಾಗುತ್ತದೆ ಎಂದು ನಾನು ಕಣ್ಣು ಮುಚ್ಚಿದ್ದೆ. ಅವಳು ತನ್ನದೇ ಮಾತಿನಲ್ಲಿ ಪ್ರಾರ್ಥಿಸಿದಳು. ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಇಳಿಸಿ ಮಡಿಲಲ್ಲಿ ಇಟ್ಟುಕೊಂಡೆ.

ಊಟಕ್ಕೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಸುಟ್ಟ ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತ ಪಕ್ಕದಲ್ಲೇ ನಿಂತಿದ್ದೆ. ಎಲ್ಲರ ಊಟ ಆದಮೇಲೆ ಅವಳ ತಟ್ಟೆಗೆ ರೊಟ್ಟಿ, ಝುಣಕ, ಶೇಂಗಾ ಚಟ್ನಿ ನಾನೇ ಬಡಿಸಿದೆ. ಆಗ ಕೇಳಿದೆ, ಅವಳಿಗೆ ಹನ್ನೆರಡು ವರ್ಷವಿದ್ದಾಗ ಕೇಳಬೇಕಾಗಿದ್ದ ಪ್ರಶ್ನೆ. ಅವಳು ತಿನ್ನುತ್ತ ತಿನ್ನುತ್ತ ನಿಧಾನವಾಗಿ ಹೇಳಿದಳು. ಆ ಐವತ್ತು ರೂಪಾಯಿ ಯಾರಿಗಾಗಿ, ಯಾಕಾಗಿ ಎಂದು ಆ ರಾತ್ರಿ ನನಗೆ ಗೊತ್ತಾಯಿತು. ಹೇಳಿ ಮುಗಿಸಿ, "ಈಗ ಬೇಕಾದ್ರ ಬರೀರಿ ಪಪ್ಪಾ. ಹೊಸಬರು ಓದಲಿ. ಆದ್ರ ಮೊದ್ಲು ನನಗ ತೋರಿಸ್ರಿ" ಎಂದಳು.

ಬರೆದು ಕಳಿಸಿದೆ. ಒಂದು ವಾರದಲ್ಲಿ ಹಾಳೆಗಳು ಮರಳಿ ಬಂದವು. ಡಬ್ಬಿಯ ಕಥೆ, ಹುಡುಗರು ಕರೆದ ಹೆಸರು, ಬಟ್ಟೆಯ ಹಗ್ಗದ ಕೆಳಗಿನ ಮಾತು, ಎಲ್ಲ ಹಾಗೇ ಬಿಟ್ಟಿದ್ದಳು. ಅವಳು ಪ್ರಾರ್ಥಿಸಿದ್ದೇನು ಎಂದು ನಾನು ಬರೆದಿದ್ದ ಸಾಲುಗಳನ್ನೂ, ಕೊನೆಯಲ್ಲಿ ಆ ನೋಟು ಯಾಕೆ ತೆಗೆದಳು ಎಂದು ಬರೆದಿದ್ದ ಎರಡು ಪ್ಯಾರಾಗಳನ್ನೂ ಪೆನ್ನಿನಿಂದ ಹೊಡೆದುಹಾಕಿದ್ದಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: "ಇದು ನಿಮಗ ಹೇಳಿದ್ದು."

ಆ ಎರಡು ಪ್ಯಾರಾಗಳು ಇದ್ದದ್ದು ಇಲ್ಲಿ.